ರುಮಾಲಿನ ಹಿಂದೆ ಉಳಿದ ಸಿನಿಮಾ

ಗದಗ
ಫೆಬ್ರವರಿ ಮೂವತ್ತು, ೨೧೭೧

ನಿರ್ದೇಶಕರಾದ ಬಸಲಿಂಗ ಹಾದಿಮನಿ ಅವರಿಗೆ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಹಂಚಿ, ಮಿಕ್ಕ ಐದನ್ನು ಹಬ್ಬಕ್ಕೆ ಬಿಟ್ಟಿದ್ದಾರೆ. ನಿಮಗೆ ತಿಳಿಯದ ಪದ ನುಸುಳಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡ ಕಲಿತದ್ದು ನಿಮ್ಮ ಸಿನಿಮಾದಿಂದಲೇ, ಅದೂ ಕದ್ದ ಪ್ರತಿಯಿಂದ.

ನಾನು ದಾವಲಸಾಬ ನದಾಫ. ಮಿರ್ಚಿ ಗಾಡಿ ತಳ್ಳುತ್ತ ಬೆಳೆದು ನೂರಾ ಹನ್ನೆರಡು ಕುರ್ಚಿಯ ಟಾಕೀಸು ಕಟ್ಟಿದವನು. ಈ ಕಾಗದ ನಿಮ್ಮ ಕೈಸೇರುವಾಗ ನಿಮ್ಮ ಸಿನಿಮಾ ‘ಗಿರಣಿ ಪಾಳಿ’ ಬಿಡುಗಡೆಯಾಗಿ ಎರಡು ದಿನ. ಯಾರೋ ಟಾಕೀಸಿನಲ್ಲಿ ಮೊಬೈಲು ಹಿಡಿದು ಇಡೀ ಸಿನಿಮಾ ಇಳಿಸಿಕೊಂಡು ಊರಿಗೆಲ್ಲ ಹಂಚಿದ್ದಾನೆ. ನೀವು ಪೊಲೀಸ್ ಠಾಣೆಗೆ ಹೊರಟಿದ್ದೀರಿ. ಹೋಗಿ. ಮೂರು ವರ್ಷದ ದುಡಿಮೆಯನ್ನು ಮೂರು ತಾಸಿನಲ್ಲಿ ಎತ್ತಿಕೊಂಡು ಹೋದವನ ಪರವಾಗಿ ನಾನು ವಾದಿಸುವುದಿಲ್ಲ. ನನ್ನ ಒಲೆ ಉರಿಯುವುದೂ ಟಿಕೆಟಿನಿಂದಲೇ. ಆದರೆ ಮುಂದೆ ಆದದ್ದನ್ನು ಕೇಳಿ.

ನಿಮ್ಮ ತರುವಾಯ ಕಾವಲುಗಣ್ಣು ಬಂತು. ಅದೊಂದು ಯಂತ್ರ. ಲೋಕದಲ್ಲಿ ಯಾರು ಎಲ್ಲಿ ಯಾವ ಹಾಡು, ಸಿನಿಮಾ ಕೂಡಿಟ್ಟಿದ್ದರೂ ನೋಡಿ, ಒಪ್ಪಿಗೆಪತ್ರ ಇಲ್ಲದ್ದನ್ನು ಅಳಿಸುತ್ತದೆ. ಕಳ್ಳತನ ನಿಜಕ್ಕೂ ನಿಂತಿತು. ಆದರೆ ನಿಮ್ಮ ಸಿನಿಮಾದ ಹಕ್ಕು ನಾಲ್ಕು ಕಂಪನಿಗಳ ಕೈ ದಾಟಿತ್ತು. ಐದನೆಯವರು ಒಪ್ಪಿಗೆಪತ್ರ ನವೀಕರಿಸುವುದನ್ನು ಮರೆತು ಹಕ್ಕು ಕಳೆದುಕೊಂಡರು. ಯಂತ್ರ ಅವರ ಬಳಿಯಿದ್ದ ಮೂಲಪ್ರತಿಯನ್ನೇ ಕಳ್ಳಮಾಲೆಂದು ಅಳಿಸಿತು. ಬೇಲಿಯೇ ಎದ್ದು ಹೊಲ ಮೇಯಿತು.

ಉಳಿದದ್ದು ಆ ಮೊಬೈಲಿನ ಪ್ರತಿ ಒಂದೇ. ಕಾರಣ ಕೇಳಿದರೆ ನಗುತ್ತೀರಿ. ಕಳ್ಳನ ಮುಂದಿನ ಸಾಲಿನಲ್ಲಿ ತಲೆಗೆ ದೊಡ್ಡ ರುಮಾಲು ಸುತ್ತಿದ ಅಜ್ಜನೊಬ್ಬ ಕೂತಿದ್ದಾನೆ. ನಾನು ಅಳೆದಿದ್ದೇನೆ: ಪರದೆಯ ಕಾಲುಭಾಗ ರುಮಾಲಿಗೇ ಹೋಗಿದೆ. ಯಂತ್ರಕ್ಕೆ ಗುರುತು ಹತ್ತಲಿಲ್ಲ. ಯಾರದೋ ಮದುವೆ ವಿಡಿಯೊ ಎಂದುಕೊಂಡು ಮುಂದೆ ಹೋಯಿತು. ಹಿಂದಿನಿಂದ ಒಬ್ಬ, “ಯಜ್ಜಾ, ರುಮಾಲ ತಗಿಯೋ, ಹೀರೋಯಿನ್ ಕಾಣವಲ್ಲಳು!” ಎಂದು ಕೂಗುತ್ತಾನೆ. ಅಜ್ಜ ತಿರುಗಿಯೂ ನೋಡದೆ, “ತಗದರ ಬೋಳತಲಿ ಹೊಳಿತೈತಲೇ, ಹೀರೋನೂ ಕಾಣಂಗಿಲ್ಲ!” ಎನ್ನುತ್ತಾನೆ. ಇಡೀ ಟಾಕೀಸು ನಗುತ್ತದೆ.

ಹಳೆಯ ಮನೆಯೊಂದರ ಮದುವೆ ವಿಡಿಯೊಗಳ ನಡುವೆ ಅದು ನನಗೆ ಸಿಕ್ಕಿತು. ನಮ್ಮ ಕಾನೂನಿನಲ್ಲಿ, ಮಾಲೀಕರಿಲ್ಲದ ಕೃತಿಗೆ ಅದನ್ನು ಮಾಡಿದವರ ವಂಶದ ಹಿರಿಯರೇ ಒಡೆಯರು. ಅವರಿಗೆ ‘ಒಪ್ಪಿಗೆಕುಡಿ’ ಎನ್ನುತ್ತೇವೆ. ಅವರು ಸಹಿ ಹಾಕಿದರೆ ತೋರಿಸಬಹುದು, ಬೇಡವೆಂದರೆ ಅಲ್ಲೇ ಅಳಿಸಬೇಕು. ನಿಮ್ಮ ಮರಿಮೊಮ್ಮಗಳ ಮಗಳು ಶಾಂತವ್ವ ನಿನ್ನೆ ಬಂದರು. ಬಾಗಿಲಲ್ಲೇ ನಿಂತು, “ಕಳ್ಳನ ಪ್ರತಿಗೆ ನಾ ಸಹಿ ಹಾಕಂಗಿಲ್ಲ, ಸಾಹೇಬ್ರ. ನಮ್ಮ ಹಿರ್ಯಾರು ಇದರಿಂದನ ಕಂಗಾಲಾದವರು” ಎಂದರು. ನಾನೊಂದು ಕುರ್ಚಿ ಒರೆಸಿ ತೋರಿಸಿದೆ. “ಅಳಸೂಕಿಂತ ಮೊದಲ ಒಮ್ಮೆ ನೋಡಿಬಿಡ್ರಿ, ಅವ್ವಾರ” ಎಂದೆ.

ನನ್ನದರಂಥ ಒಂದೆರಡು ಟಾಕೀಸು ಬಿಟ್ಟರೆ, ಈಗಿನವರು ಸಿನಿಮಾವನ್ನು ಒಬ್ಬೊಬ್ಬರೇ ಕನ್ನಡಕದೊಳಗೆ ನೋಡುತ್ತಾರೆ. ಅವರವರಿಗೆ ಬೇಕಾದಂತೆ ಕಥೆಯೂ ಬದಲಾಗುತ್ತದೆ. ಊರಿಗೆ ಊರೇ ಒಂದೇ ಮಾತಿಗೆ ನಗುವ ಸದ್ದನ್ನು ಶಾಂತವ್ವ ಕೇಳಿರಲಿಲ್ಲ. ಅಜ್ಜನ ಮಾತಿಗೆ ಅವರೂ ನಕ್ಕರು, ನೂರಾರು ಜನರ ಜೊತೆ, ನೂರೈವತ್ತು ವರ್ಷ ತಡವಾಗಿ. ಮುಗಿದ ಮೇಲೆ ನಾನು ಜಾಣತನ ತೋರಿಸಲು ಹೋದೆ: ಬೇಕಾದರೆ ರುಮಾಲು ಅಳಿಸಿ, ಹಿಂದೆ ಏನಿತ್ತೆಂದು ಯಂತ್ರದಿಂದ ಊಹೆ ಮಾಡಿಸಿ ತುಂಬುತ್ತೇನೆ ಎಂದೆ. ಅವರು ಪೆನ್ನು ತೆಗೆದರು. “ಬ್ಯಾಡ. ಅಜ್ಜ ಟಿಕೆಟ್ ತಗೊಂಡು ಬಂದಾನ. ಅವನ್ನ ಎಬ್ಬಿಸಬ್ಯಾಡ್ರಿ” ಎಂದು ಸಹಿ ಹಾಕಿದರು.

ನಾಳೆ ಮೊದಲ ಪ್ರದರ್ಶನ. ಕುರ್ಚಿಗಳೆಲ್ಲ ತುಂಬಿವೆ, ಮೂವತ್ತು ಜನಕ್ಕೆ ಚಾಪೆ ಹಾಸುತ್ತಿದ್ದೇನೆ. ಒಂದೇ ಕೊರತೆ. ಕಡೆಯ ದೃಶ್ಯದಲ್ಲಿ ಗಿರಣಿಯ ಗೇಟು ತೆರೆದಾಗ ನಿಮ್ಮ ನಾಯಕಿಯ ಮುಖ ಪೂರ್ತಿ ರುಮಾಲಿನ ಹಿಂದಿದೆ. ಅವಳು ನಕ್ಕಳೋ ಅತ್ತಳೋ ಎಂದು ಶಾಂತವ್ವ ಮೂರು ಸಲ ಕೇಳಿದರು. ನನಗೆ ಗೊತ್ತಿಲ್ಲ, ಬದುಕಿರುವ ಯಾರಿಗೂ ಗೊತ್ತಿಲ್ಲ.

ಅದಕ್ಕೇ ಈ ಕಾಗದ. ಠಾಣೆಗೆ ಖಂಡಿತ ಹೋಗಿ, ದೂರು ಕೊಡಿ. ಬರುವ ದಾರಿಯಲ್ಲಿ ಊರ ಗ್ರಂಥಾಲಯಕ್ಕೂ ಹೋಗಿ, ನಿಮ್ಮ ಕೈಯಾರೆ ಒಪ್ಪಿಗೆ ಬರೆದು, ಗುಪ್ತಪದದ ಬೀಗವಿಲ್ಲದ ಒಂದು ಪ್ರತಿ ಕೊಟ್ಟು ಬನ್ನಿ. ಅದೂ ಆಗದಿದ್ದರೆ ಒಂದು ಚೀಟಿಯಲ್ಲಿ ಆ ನಾಯಕಿಯ ಮುಖ ಹೇಗಿತ್ತೆಂದಾದರೂ ಬರೆದಿಡಿ. ನಿಮ್ಮ ಮನೆಯ ಹುಡುಗಿ ಕಾಯುತ್ತಿದ್ದಾಳೆ. ಅವಳಿಗೀಗ ಎಪ್ಪತ್ತೆರಡು.

ನಿಮ್ಮ ಪ್ರೇಕ್ಷಕ,
ದಾವಲಸಾಬ