ಕುಂಬಳಕಾಯಿ ತೊಟ್ಟಿನ ಸುತ್ತಲ ಗೆರೆ

ನನ್ನ ಅವ್ವನಿಗೆ,

ನಮ್ಮೂರು ತಳಿಯಲ್ಲಿ ಮೋಡ ಕವಿದ ಬೆಳಗಾದರೆ ನೀನು ಮುದ್ದೆ ಮುಚ್ಚಿಟ್ಟು ಜಗಲಿಯ ಮೇಲೆ ಕೂರುತ್ತಿದ್ದೆ. ಸೂರ್ಯನ ಮುಖ ಕಾಣದೆ ನಿನಗೆ ಒಂದು ತುತ್ತೂ ಇಳಿಯದು. ಆಷಾಢದಲ್ಲಿ ಒಮ್ಮೊಮ್ಮೆ ಮಧ್ಯಾಹ್ನ ಮೂರು ಗಂಟೆಯಾಗುತ್ತಿತ್ತು. ಬೆಳಕು ಕಂಡರೆ ಸಾಲದೇ ಎಂದು ಕೇಳಿದರೆ, ಮೋಡ ನೋಡಿ ಹಿಗ್ಗೋಕೆ ನಾನೇನು ನವಿಲಾ ಎಂದು ನನ್ನನ್ನೇ ಗೇಲಿ ಮಾಡುತ್ತಿದ್ದೆ. ಅಂಥ ನಿನಗೆ ನಾನು ತಪ್ಪು ಪಾಠ ಹೇಳಿದೆ. ಅದನ್ನು ಒಪ್ಪಿಕೊಳ್ಳಲು ಈ ಕಾಗದ.

ತಂಗಿ ಗೌರಿಗೆ ಫಿನ್‌ಲೆಂಡಿನಲ್ಲಿ ನರ್ಸ್ ಕೆಲಸ ಸಿಕ್ಕ ದಿನ ನೆನಪಿದೆಯಾ? ಹೊಸೂರಿನ ಬಸ್ಸಿಳಿದವಳೇ ಓಡಿ ಬಂದಳು. ಆ ಊರು ಧ್ರುವವೃತ್ತದ ಹತ್ತಿರ ಎಂದಳು. ಹಾಗಂದರೇನು ಎಂದು ನೀನು ನನ್ನ ಮುಖ ನೋಡಿದೆ. ಸಮಾಜ ಪಾಠ ಮಾಡುವ ಮೇಷ್ಟ್ರು ನಾನಲ್ಲವೇ? ಅಟ್ಟದ ಕುಂಬಳಕಾಯಿ ಇಳಿಸಿ, ಇದು ಭೂಮಿ ಎಂದು ತೊಟ್ಟಿನ ಮೇಲೆ ಬೆರಳಿಟ್ಟು, ಇಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ಕತ್ತಲೆ ಎಂದೆ. ವರ್ಷ ವರ್ಷ ಮಕ್ಕಳಿಗೆ ಹೇಳಿ ಹೇಳಿ ಬಾಯಿಗೆ ಬಂದದ್ದು. ಒಂದು ಗಳಿಗೆ ಯೋಚಿಸಿದ್ದರೆ...

"ಆರು ತಿಂಗ್ಳು ನನ್ ಮಗ್ಳು ಯಾರ್ ಮುಖ ನೋಡ್ಕಂಡು ಉಣ್ಣಾದು? ಅದು ಊರಲ್ಲ ಕಣ್ಲಾ. ಬ್ಯಾಡ," ಅಂದೆ ನೀನು. ಗೌರಿ ಎಂದೂ ನಿನ್ನ ವ್ರತ ಹಿಡಿದವಳಲ್ಲ. ಆದರೂ ಎದುರಾಡದೆ, ಬರುವುದಿಲ್ಲ ಎಂದು ಅವರಿಗೆ ಬರೆದು ಹಾಕಿದಳು. ಆಮೇಲೆ ನನ್ನೊಂದಿಗೆ ಅವಳ ಮಾತೇ ಕಡಿಮೆಯಾಯಿತು.

ನಿನ್ನ ಮೊದಲ ವರ್ಷದ ತಿಥಿಗೆ ಕುಂಬಳಕಾಯಿ ಹೆಚ್ಚಿದವನು ನಾನೇ. ಏಣಿನ ಗುಂಟ ಉದ್ದಕ್ಕೆ ಸೀಳುವ ಬದಲು ಅಡ್ಡ ಕೊಯ್ದೆ. ತೊಟ್ಟಿನ ಸಮೇತ ಒಂದು ಪುಟ್ಟ ಬಿಲ್ಲೆ ಕಳಚಿ ಬಂತು. ಅದನ್ನು ಹಿಡಿದು ಹಾಗೇ ನಿಂತೆ. ತೊಟ್ಟು ಧ್ರುವ, ಬಿಲ್ಲೆಯ ಅಂಚು ಧ್ರುವವೃತ್ತ. ಎರಡನ್ನೂ ಒಂದೇ ಮಾಡಿ ನಿನಗೆ ತೋರಿಸಿದ್ದೆನಲ್ಲ! ಪುಸ್ತಕ ತೆಗೆದು ನೋಡಿದೆ. ಭೂಮಿ ಓರೆಯಾಗಿ ತಿರುಗುತ್ತದೆ. ನಡುಚಳಿಗಾಲದಲ್ಲಿ ಆ ಬಿಲ್ಲೆಯಷ್ಟು ಜಾಗ ಸೂರ್ಯನಿಗೆ ಮರೆಯಾಗುತ್ತದೆ. ಕತ್ತಲೆ ತೊಟ್ಟಿನಲ್ಲಿ ಆರು ತಿಂಗಳು, ಹೊರಗೆ ಬಂದ ಹಾಗೆ ಕಡಿಮೆ. ಅಂಚಿನಲ್ಲಿ, ಅಂದರೆ ಅರವತ್ತಾರೂವರೆ ಡಿಗ್ರಿಯ ಗೆರೆಯಲ್ಲಿ, ಸೂರ್ಯ ಹುಟ್ಟದಿರುವುದು ವರ್ಷಕ್ಕೆ ಒಂದೇ ದಿನ. ನಮ್ಮ ತಳಿ ಹನ್ನೆರಡೂವರೆಯಲ್ಲಿ, ಕಾಯಿಯ ಸೊಂಟದ ಹತ್ತಿರ; ಇಲ್ಲಿ ಅವನನ್ನು ಮರೆಮಾಡುವುದು ಮೋಡ ಮಾತ್ರ. ಗೌರಿಯ ಆ ಊರು ಗೆರೆಗಿಂತ ಒಂದಿಷ್ಟು ಈಚೆಗಿದೆ. ಅಲ್ಲಿ ಸೂರ್ಯ ಹುಟ್ಟದ ದಿನವೇ ಇಲ್ಲ ಅವ್ವಾ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಿದ್ದೆ ನೀನು. ಗೌರಿಗೆ ಅಲ್ಲೇ ಅಡುಗೆಮನೆಯಲ್ಲಿ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬಿಲ್ಲೆಯನ್ನು ತಿರುಗಿಸಿ ನೋಡಿ, "ಇದ್ನ ಅವ್ವ ಇದ್ದಾಗ ಹೇಳಿದ್ರೆ ನಗ್‌ನಗ್ತಾ ಕಳಿಸ್ಬುಡ್ತಿದ್ಲು," ಅಂದಳು. ನಾಚಿಕೆಯಾಯಿತು. ಆ ವಾರವೇ ಮತ್ತೆ ಅರ್ಜಿ ಹಾಕಿಸಿದೆ.

ಅವಳು ಹೋಗಿ ನಾಲ್ಕು ತಿಂಗಳಾಯಿತು. ಮೊನ್ನೆ, ಅಲ್ಲಿ ಹಗಲು ತೀರಾ ಚಿಕ್ಕದಾಗಿದ್ದ ದಿನ, ಫೋನಿಗೆ ಒಂದು ಫೋಟೊ ಕಳಿಸಿದಳು. ಆಸ್ಪತ್ರೆಯ ಕಿಟಕಿ, ಹೊರಗೆ ಹಿಮ, ಮರಗಳ ಬುಡಕ್ಕೆ ತಾಗಿದಂತೆ ಕಿರುಬೆರಳಿನ ಉಗುರಿನಷ್ಟು ಕೆಂಪು ಸೂರ್ಯ. ಆಗ ಅಲ್ಲಿ ಮಧ್ಯಾಹ್ನವಂತೆ. ಕಿಟಕಿಯ ಕಟ್ಟೆಯ ಮೇಲೆ ಅವಳ ಊಟದ ಡಬ್ಬಿ, ಮುಚ್ಚಳ ಇನ್ನೂ ತೆಗೆದಿಲ್ಲ. ಕೆಳಗೆ ಬರೆದಿದ್ದಳು:

"ಅಣ್ಣಾ, ಈಗ ಕಂಡ. ಉಣ್ತೀನಿ."