ನಮ್ಮ ಮಸಣದಲ್ಲಿ ನಿಮ್ಮ ಬೇವು

ಅರವತ್ತೊಂದನೆಯ ಸಂವತ್ಸರ, ಎರಡನೆಯ ವೈಶಾಖ, ಮೂವತ್ತೆಂಟನೆಯ ದಿನ
ಹಳೇ ಮಸಾರಿಹಾಳ, ನೆಲದಡಿ

ಮಸಾರಿಹಾಳ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷರಾದ ಶ್ರೀ ಶಶಿಶೇಖರ ಹುಣಶೀಕಟ್ಟಿ ಅವರಿಗೆ,

ಮಸಾರಿಹಾಳದ ಫಕೀರವ್ವನ ಮಗಳು ಕಲ್ಲವ್ವ ಬರೆಯುವುದು. ಮೊದಲು ಕ್ಷೇಮ ವಿಚಾರಿಸುವುದು ವಾಡಿಕೆ, ನಾನು ವಿಚಾರಿಸುವುದಿಲ್ಲ. ಮೇಲಿನ ತಾರೀಖು ನಿಮಗೆ ಹುಚ್ಚರ ಬರವಣಿಗೆಯಂತೆ ಕಂಡೀತು. ಬೇಸಿಗೆ ಬೆಳೆದು ಬೆಳೆದು ಒಂದೇ ವೈಶಾಖಕ್ಕೆ ಮುಗಿಯದಾದಾಗ ನಮ್ಮವರು ಎರಡು ವೈಶಾಖ ಮಾಡಿಕೊಂಡರು, ತಿಂಗಳ ದಿನಗಳನ್ನೂ ಹೆಚ್ಚಿಸಿದರು. ಅರವತ್ತು ಸಂವತ್ಸರದ ಲೆಕ್ಕವೂ ಸಾಲದೆ ಇನ್ನೊಂದನ್ನು ಸೇರಿಸಿದರು. ಈ ಪತ್ರದಲ್ಲಿ ನಿಮಗೆ ಗೊತ್ತಿಲ್ಲದ ಇನ್ನೂ ಕೆಲವು ಮಾತುಗಳು ಬರುತ್ತವೆ, ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅದೊಂದಕ್ಕೇ.

ನಾವು ಹಗೆವಿನಲ್ಲಿ ಇರುತ್ತೇವೆ. ನಿಮ್ಮ ಕಾಲದವರ ಹಿರಿಯರು ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಹಗೆವು ಇದೆಯಲ್ಲ, ಅದನ್ನೇ ಅಗಲ ಮಾಡಿ ಮನೆ ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಬಿಸಿಲುಗಂಟೆ ಹೊಡೆದರೆ ಊರೆಲ್ಲ ಒಳಗೆ ಸೇರಬೇಕು. ಸಂಜೆ ಮತ್ತೆ ಹೊಡೆಯುವವರೆಗೆ ಮೇಲೆ ಯಾರೂ ಇಣುಕುವ ಹಾಗಿಲ್ಲ, ಬಿಸಿಲು ಕೊಲ್ಲುತ್ತದೆ. ಅಷ್ಟು ಹೊತ್ತು ನೂಲುತ್ತೇವೆ, ರೊಟ್ಟಿ ತಟ್ಟುತ್ತೇವೆ, ಜಗಳ ಆಡುತ್ತೇವೆ. ಜೋಳ ಈಗಲೂ ಬೆಳೆಯುತ್ತದೆ, ಮೊಳಕಾಲೆತ್ತರ. ಮೇಲೆ ಹಗಲಲ್ಲಿ ಮನುಷ್ಯರು ಓಡಾಡಬಹುದಾದ ಜಾಗ ಒಂದೇ, ನಿಮ್ಮ ವಿಶ್ವವಿದ್ಯಾಲಯದ ವನ. ಅಲ್ಲಿ ಹಳೆಹಕ್ಕಿಗಳ ಮನೆತನದವರು ವಾಯುವಿಹಾರ ಮಾಡುತ್ತಾರೆ. ಹಳೆಹಕ್ಕಿ ಎಂದರೆ ನೀವು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಬಂದು, ಕೂಗಾಡಿ, ಹಿಕ್ಕೆ ಹಾಕಿ ಹೋಗುವವರಿಗೆ ನಮ್ಮೂರು ಇಟ್ಟ ಹೆಸರು ಅದು.

ನೆರಳುಹಕ್ಕು ಎಂಬ ಕಾನೂನು ನಿಮಗೆ ಗೊತ್ತಿರಲಿಕ್ಕಿಲ್ಲ. ಮರದ ಮೇಲೆ ಯಾರ ಹೆಸರಿನ ಫಲಕವಿದೆಯೋ, ಆ ಮರದ ನೆರಳು ಬೀಳುವಷ್ಟು ನೆಲ ಅವರ ಮನೆತನದ್ದು. ಬದುಕಿದ್ದಾಗ ಕೂರಲು, ಸತ್ತ ಮೇಲೆ ಮಲಗಲು. ನೆರಳಿಲ್ಲದವರು ಸತ್ತರೆ ತಂಪುಮನೆಯಲ್ಲಿ ಒಂದು ವಾರ ಇಟ್ಟುಕೊಳ್ಳುತ್ತಾರೆ. ಅಷ್ಟರಲ್ಲಿ ಜಾಗ ತೋರಿಸದಿದ್ದರೆ ಹೆಣ ಗೊಬ್ಬರಗೂಡಿಗೆ. ಆ ಗೊಬ್ಬರ ಎಲ್ಲಿಗೆ ಹೋಗುತ್ತದೆ ಗೊತ್ತೆ? ನಿಮ್ಮ ವನಕ್ಕೆ. ನಮ್ಮವ್ವ ಫಕೀರವ್ವ ಈಗ ತಂಪುಮನೆಯಲ್ಲಿದ್ದಾಳೆ, ನಾಳೆಗೆ ವಾರ ತುಂಬುತ್ತದೆ.

ಈಗ ನೀವು ಮಾಡಲಿರುವ ಕೆಲಸಕ್ಕೆ ಬರುತ್ತೇನೆ. ಬರುವ ಭಾನುವಾರ ನಿಮ್ಮ ಬೆಳ್ಳಿಹಬ್ಬದ ಸ್ನೇಹಕೂಟ. ‘ಊರೊಂದಿಗೆ ನಮ್ಮ ಬಾಂಧವ್ಯ’ ಎಂದು ಬ್ಯಾನರ್ ಕಟ್ಟುತ್ತೀರಿ. ವಿಶ್ವವಿದ್ಯಾಲಯದ ಕಾಂಪೌಂಡಿನ ಹಿಂದಿನ ಬಯಲು ಖಾಲಿ ಬಿದ್ದಿದೆ, ಅಲ್ಲಿ ಒಬ್ಬೊಬ್ಬರೂ ತಮ್ಮ ಹೆಸರಿನಲ್ಲಿ ಒಂದೊಂದು ಸಸಿ ನೆಡೋಣ ಎಂದು ತೀರ್ಮಾನಿಸಿದ್ದೀರಿ. ಅದು ಖಾಲಿ ಬಯಲಲ್ಲ ಸ್ವಾಮಿ, ನಮ್ಮ ಮಸಣ. ನಮ್ಮಲ್ಲಿ ಗೋರಿ ಕಟ್ಟುವ, ಹೆಸರು ಕೆತ್ತುವ ರೂಢಿ ಇಲ್ಲ. ತಲೆಯ ಕಡೆ ಒಂದು ಬಿಡಿಗಲ್ಲು ಇಡುತ್ತೇವೆ, ಮಾರ್ನಮಿ ಅಮಾವಾಸ್ಯೆಗೆ ಹೋಗಿ ಎಡೆ ಇಡುತ್ತೇವೆ. ಯಾವ ಕಲ್ಲು ಯಾರದು ಎಂದು ಮನೆಯವರಿಗೆ ಗೊತ್ತಿರುತ್ತದೆ, ಅಷ್ಟು ಸಾಕು. ಅಷ್ಟೆಲ್ಲ ಓದಿದ ನಿಮಗೆ ಬರೆದದ್ದನ್ನು ಬಿಟ್ಟು ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ಶ್ರಮದಾನ ಎಂದು ಟೋಪಿ ಹಾಕಿಕೊಂಡು, ನಮ್ಮ ಹಿರಿಯರ ತಲೆಗಲ್ಲುಗಳನ್ನೆಲ್ಲ ಆರಿಸಿ ತಂದು, ನಿಮ್ಮ ಸಸಿಗಳ ಸುತ್ತ ಅಂದವಾಗಿ ಕಟ್ಟೆ ಕಟ್ಟುತ್ತೀರಿ. ಸುಣ್ಣ ಬೇರೆ ಬಳಿಯುತ್ತೀರಿ. ಆ ಸಸಿಗಳೇ ಬೆಳೆದು ನಮ್ಮ ಕಾಲದ ವನವಾಗಿವೆ.

ಯಾರೂ ಹೇಳಲಿಲ್ಲ ಎಂದು ಆಮೇಲೆ ಜಾರಿಕೊಳ್ಳಬೇಡಿ. ಊರ ಹಿರಿಯ ಸಣ್ಣನಿಂಗಪ್ಪ ನಿಮ್ಮೆದುರಿಗೇ ಬಂದು, "ಸಾಹೇಬ್ರ, ಆ ಕಲ್ಲು ಮುಟ್ಟಬ್ಯಾಡ್ರಿ, ಅಲ್ಲಿ ನಮ್ಮ ಹಿರ್ಯಾರು ಮಲಗ್ಯಾರ" ಎನ್ನುತ್ತಾನೆ. ನೀವು ನಕ್ಕು, "ಅದಕ್ಕ ಅಲ್ರೀ ಯಜಮಾನ್ರ, ಅವರಿಗೂ ನೆರಳು ಆಗಲಿ ಅಂತ ಗಿಡ ಹಚ್ಚಾಕತ್ತೇವಿ" ಎಂದು ಅವನ ಹೆಗಲಿಗೆ ಶಾಲು ಹೊದಿಸುತ್ತೀರಿ. ಫೋಟೊ ತೆಗೆಯುತ್ತಾರೆ. ಶಾಲು ಹೊದ್ದ ಮನುಷ್ಯ ಎಲ್ಲರೆದುರು ಜಗಳ ತೆಗೆಯಲಾರ. ಸಣ್ಣನಿಂಗಪ್ಪ ಬಾಯಿ ಮುಚ್ಚಿಕೊಂಡು ಮನೆಗೆ ಬಂದು ಆ ಶಾಲನ್ನು ದನದ ಕೊಟ್ಟಿಗೆಯಲ್ಲಿ ಹಾಸಿದ ಎಂದು ನಮ್ಮಲ್ಲಿ ಈಗಲೂ ಹೇಳುತ್ತಾರೆ. ಪ್ರತಿ ಮಾರ್ನಮಿಗೂ ಈ ಕಥೆ ಹೇಳುತ್ತಾರೆ, ಪ್ರತಿ ಸಲವೂ ನನಗೆ ಮೈ ಉರಿಯುತ್ತದೆ.

ಆಮೇಲೂ ನಮ್ಮವರು ಗಿಡಗಳ ನಡುವಿನ ಸಂದಿಯಲ್ಲಿ ತಮ್ಮವರನ್ನು ಹೂಳುತ್ತ ಬಂದರು. ಹಾಗೆ ಕೊನೆಗೆ ಮಣ್ಣು ಸೇರಿದವಳು ನಮ್ಮಜ್ಜಿ, ಅವ್ವನ ತಾಯಿ. ನಿಮ್ಮ ಹೆಸರಿನಲ್ಲಿ ನೀವು ನೆಟ್ಟ ಬೇವಿನ ಕೊಂಬೆ ಚಾಚುತ್ತ ಚಾಚುತ್ತ ಅವಳ ಮೇಲೂ ಬಂತು. ಕಾನೂನು ಬಂದ ದಿನದಿಂದ ನಮ್ಮಜ್ಜಿ ಮಲಗಿರುವ ನೆಲ ಹುಣಶೀಕಟ್ಟಿ ಮನೆತನದ್ದಾಯಿತು. ಸಾಯುವ ಮುಂಚೆ ಅವ್ವ ನನ್ನ ಕೈ ಹಿಡಿದು, "ನಮ್ಮವ್ವನ ಬಾಜೂಕ ಇಡು ನನ್ನ. ಹಾಳು ಗೂಡಿಗೆ ಮಾತ್ರ ಕೊಡಬ್ಯಾಡ ಮಗಳ" ಎಂದಳು. ನಾನು ಹೂಂ ಎಂದೆ. ನೆರಳುಕಚೇರಿಯಲ್ಲಿ ಈಗ ಕೂತಿರುವವನು ನಿಮ್ಮದೇ ವಂಶದ ಕುಡಿ. ಅವನ ಕಾಲು ಹಿಡಿದೆ. ಒಂದು ಆಳುದ್ದದ ಜಾಗ ಸಾಕು ಎಂದೆ. ಅವನೇನು ಒರಟಾಗಿ ಮಾತಾಡಲಿಲ್ಲ, ನಿಮ್ಮ ಹಾಗೇ ನಕ್ಕ. "ಇಷ್ಟು ವರ್ಷದಾಗ ನೀವು ಒಂದು ಗಿಡಾನೂ ಹಚ್ಚಲಿಲ್ಲಲ್ರೀ, ನಾವೇನ್ ಮಾಡೂಣು" ಎಂದ. ಅವನ ಮುಖಕ್ಕೆ ಉಗುಳಬೇಕೆನಿಸಿತು. ತಂಪುಮನೆಯ ಬೀಗದ ಕೈ ಅವನ ಬಳಿ ಇದ್ದುದರಿಂದ ನುಂಗಿಕೊಂಡೆ.

ಹಳೆಹಕ್ಕಿಗಳ ಮನೆತನದವರು ತಮ್ಮ ಪೂರ್ವಜರಿಗೆ ಶುಭಾಶಯ ಕಳಿಸಲು ವಿಶ್ವವಿದ್ಯಾಲಯದಲ್ಲಿ ಒಂದು ಹಿಂಗಿಂಡಿ ಇಟ್ಟಿದ್ದಾರೆ. ಅದರಲ್ಲಿ ಹಾಕಿದ ಕಾಗದ ಹಿಂದಿನ ಕಾಲಕ್ಕೆ ಹೋಗುತ್ತದೆ. ಆ ಕೋಣೆಯ ಕಸ ಹೊಡೆಯುವವಳು ನಾನು. ಅವರ ಶುಭಾಶಯಗಳ ನಡುವೆ ಇದನ್ನು ತುರುಕುತ್ತಿದ್ದೇನೆ.

ನಾಳೆ ಬಿಸಿಲುಗಂಟೆಗೆ ಮುಂಚೆ ಅವ್ವನನ್ನು ಹೊತ್ತುಕೊಂಡು, ಕೊಡಲಿ ಹಿಡಿದು ವನಕ್ಕೆ ಬರುತ್ತೇನೆ. ಬೀಗ ಒಡೆಯಲು ಊರಿನ ಹೆಂಗಸರು ಒಪ್ಪಿದ್ದಾರೆ. ಮರ ಉರುಳಿದರೆ ನೆರಳಿಲ್ಲ, ನೆರಳಿಲ್ಲದಿದ್ದರೆ ಹಕ್ಕೂ ಇಲ್ಲ. ಅಜ್ಜಿಯ ಪಕ್ಕದ ಮಣ್ಣು ಮತ್ತೆ ನಮ್ಮದಾಗುತ್ತದೆ. ಮರ ಕಡಿದವರನ್ನು ನಡುಹಗಲಿನಲ್ಲಿ ಬಯಲಿಗೆ ಬಿಟ್ಟು ಕದ ಹಾಕಿಕೊಳ್ಳುತ್ತಾರೆ. ಅದು ಗೊತ್ತಿದ್ದೇ ಬರುತ್ತೇನೆ.

ಭಾನುವಾರ ನಿಮ್ಮ ಕೈಗೆ ಕೊಡುವ ಸಸಿ ಗೇಣುದ್ದ ಇರುತ್ತದೆ. ಅದನ್ನು ನಿಮ್ಮ ಕಾಂಪೌಂಡಿನ ಒಳಗೇ ನೆಡಿ, ಬಯಲಿನ ಕಲ್ಲುಗಳನ್ನು ಇದ್ದಲ್ಲೇ ಬಿಡಿ. ನಾಳೆ ನಾನು ಬಂದಾಗ ಅಲ್ಲಿ ಬೇವು ಇರದಿದ್ದರೆ, ಅವ್ವನನ್ನು ಮಣ್ಣು ಮಾಡಿ ಮನೆಗೆ ಹೋಗಿ ರೊಟ್ಟಿ ತಟ್ಟುತ್ತೇನೆ. ಇದ್ದರೆ, ಎರಡು ಗುಂಡಿ ತೋಡುತ್ತೇನೆ.

ಕಲ್ಲವ್ವ