ಒಂದು ಮಾತ್ರೆ ಕಮ್ಮಿ

ಜೂನ್ ೪
ಕನ್ನಡಕದಂಗಡಿಯಿಂದ ಬರುವಷ್ಟರಲ್ಲಿ ಆರೂವರೆ. ದಿನವಿಡೀ ಲೆನ್ಸ್ ಉಜ್ಜಿ ಬೆರಳೆಲ್ಲ ಜೋಮು. ಅತ್ತೆಗೆ ಊಟ ಮಾಡಿಸಿ, ಮಾತ್ರೆ ಕೊಟ್ಟು, ಬಲಗೈಗೆ ಎಣ್ಣೆ ತಿಕ್ಕಿದ್ದಾಯಿತು. ಮಾತಿಲ್ಲ. ಸ್ಟ್ರೋಕ್ ಆದಾಗಿನಿಂದ ಒಂದಕ್ಷರವೂ ಇಲ್ಲ. ಏನಾದರೂ ಬೇಕಾದರೆ ಎಡಗೈಯಲ್ಲಿ ಚಮಚ ಹಿಡಿದು ಮಂಚದ ಕಂಬಿಗೆ ಬಡಿಯುತ್ತಾರೆ. ಹೈಸ್ಕೂಲಿನಲ್ಲಿ ಜೀವನವೆಲ್ಲ ಕನ್ನಡ ಪಾಠ ಮಾಡಿದ ಬಾಯಿ.

ಮಾತು ಕಲಿಸುವ ಥೆರಪಿಸ್ಟ್ ಇವತ್ತು ಸಂಜೆ ಚಿತ್ರದ ಕಾರ್ಡ್ ತಂದಿದ್ದಳು. ಸೇಬು, ಬೆಕ್ಕು, ಚೆಂಡು. ಅತ್ತೆ ಒಂದೊಂದನ್ನೇ ಬೋರಲು ಹಾಕಿದರು. ಹೊರಡುವಾಗ ಅವಳು ಬಾಗಿಲ ಹತ್ತಿರ ದನಿ ತಗ್ಗಿಸಿದಳು.

"ಅವ್ರು ಪ್ರಯತ್ನಾನೇ ಮಾಡ್ತಿಲ್ಲ. ಈ ಮೊದಲ ತಿಂಗಳುಗಳು ಹೋದ್ರೆ ಆಮೇಲೆ ತುಂಬಾ ಕಷ್ಟ. ತಾಳ ಇದ್ರೆ ಒಂದೊಂದ್ಸಲ ಮಾತು ಬರುತ್ತೆ. ಹಾಡೋ, ಪದ್ಯಾನೋ, ಏನಾದ್ರೂ ಸರಿ."

ಇವರು ಅಮ್ಮನ ಪಕ್ಕ ಕೂತು ಹಾಡಿದರು. ಅತ್ತೆ ಗೋಡೆಗೆ ಮುಖ ಮಾಡಿದರು. ಅವರದೇನೂ ತಪ್ಪಿಲ್ಲ, ಇವರ ಗಂಟಲು ಅಂಥದ್ದು.

ಜೂನ್ ೯
ಹುಚ್ಚು ಧೈರ್ಯ. ಅತ್ತೆಯ ಕಪಾಟಿನಿಂದ ಛಂದಸ್ಸಿನ ಪುಸ್ತಕ ತೆಗೆದೆ. ಲಘು ಒಂದು ಮಾತ್ರೆ, ಗುರು ಎರಡು. ಒತ್ತಕ್ಷರದ ಹಿಂದಿನದು ಗುರು... ಸ್ಕೂಲಿನಲ್ಲಿ ಇದರಲ್ಲೇ ಡುಮ್ಕಿ ಹೊಡೆದವಳು ನಾನು. ಮೂರು-ನಾಲ್ಕು, ಮೂರು-ನಾಲ್ಕು ಅಂತ ಬೆರಳು ಮಡಚಿ ಒಂದು ಸಾಲು ಬರೆದು ಓದಿದೆ:

ಚಮಚ ಬಡಿದರೆ ನಾನು ಓಡಿ ಬರುತ್ತೇನೆ.

ಅತ್ತೆ ಈ ಕಡೆ ತಿರುಗಿದರು. ಚಮಚ ಎದ್ದಿತು. ಕಂಬಿಯ ಮೇಲೆ ಟಕಟಕಟಕ, ಟಕಟಕಟಕಟಕ — 'ನಾನು' ದಾಟಿ ಮುಗ್ಗರಿಸಿ ನಿಂತೇಬಿಟ್ಟಿತು. ಆಮೇಲೆ ನನ್ನನ್ನು ನೋಡಿದ ನೋಟ! ಕ್ಲಾಸಿನಿಂದ ಹೊರಗೆ ಕಳಿಸುವ ನೋಟ. ಹಾಳೆ ಎಳೆದುಕೊಂಡು 'ನಾನು' ಮೇಲೆ ಉಗುರಿನಿಂದ ಗೀರಿದರು.

ಎಷ್ಟು ಖುಷಿಯಾಯಿತು ಅಂದರೆ ಬೈಸಿಕೊಂಡದ್ದೇ ಮರೆತುಹೋಯಿತು. ಇಷ್ಟು ದಿನ ಸಿಟ್ಟು ಕೂಡ ಇರಲಿಲ್ಲವಲ್ಲ.

ಜೂನ್ ೧೦
ಚಮಚ ಬಡಿದರೆ ಓಡಿ ಬರುವೆನು. — ಕೊನೆವರೆಗೂ ತಟ್ಟಿದರು!! ಹೊಗಳಿಕೆ ಏನಿಲ್ಲ. ಮುಂದಿನದು ಎಲ್ಲಿ ಅನ್ನುವ ಹಾಗೆ ಕೈ ಚಾಚಿದರು.

ಜೂನ್ ೨೩
ಬಿಡಿ ಸಾಲು ಸಾಲದಂತೆ. ಪುಸ್ತಕ ತೆರೆಸಿ ಬೆರಳಿಟ್ಟರು — ಸುನೀತ. ಹದಿನಾಲ್ಕು ಸಾಲು. ಎಂಟಾದ ಮೇಲೆ ಭಾವ ತಿರುಗಬೇಕು. ಪ್ರಾಸ ಬೇರೆ.

"ಇನ್ಮೇಲೆ ಸಂಜೆಯೆಲ್ಲ ನಂಗೆ ಸುನೀತ ಜೊತೆ ಕೆಲಸ" ಅಂದೆ ಇವರಿಗೆ.

"ಯಾರವಳು?"

ಅತ್ತೆ ನಕ್ಕರು. ಅರ್ಧ ಬಾಯಿಯೇ ಮೇಲೆದ್ದದ್ದು. ಅದು ಸಾಕು.

ಜೂನ್ ೩೦
ಸಾಲು ತುಂಬದಿದ್ದಾಗ ಪದದ ಬಾಲಕ್ಕೆ 'ಯು', 'ವು' ಸಿಕ್ಕಿಸಿದೆ. ಮನೆಯು, ಗೋಡೆಯು, ಕೊಡವು. ಲೆಕ್ಕ ಸರಿಹೋಗುತ್ತದೆ. ಅತ್ತೆ ಮೂಗು ಮುರಿದರು. ಅರ್ಥವಾಯಿತು — ಫ್ರೇಮ್‌ಗೆ ಸಣ್ಣ ಲೆನ್ಸ್ ಕತ್ತರಿಸಿ ಸಂದಿಗೆ ಕಾಗದ ತುರುಕಿದ ಹಾಗೆ. ಅಂಗಡಿಯಲ್ಲಿ ಹಾಗೆ ಮಾಡಿದರೆ ನಾನೇ ಬಿಡುವುದಿಲ್ಲ.

ಜುಲೈ ೧೪
ಎಂಟು ಸಾಲು ಮುಗಿಯಿತು. ಎಂಟೂ ಅತ್ತೆಯ ಮೇಲಿನ ದೂರೇ! ಬಂದವರಿಗೆಲ್ಲ "ಇವಳು ನನ್ನ ಮಗನ ಹೆಂಡ್ತಿ" ಅಂತಲೇ ಪರಿಚಯ ಮಾಡಿಸುತ್ತಿದ್ದರು. ಕರೆಯುವುದು "ನೋಡಮ್ಮ". ಸೊಸೆ ಅಂತ ಒಂದು ದಿನ ಬಾಯಿ ತಪ್ಪಿಯೂ ಅಂದವರಲ್ಲ. ಅದನ್ನೂ ಬರೆದುಬಿಟ್ಟಿದ್ದೆ. ಅವರೆದುರೇ ಓದಿದೆ.

ತಾಳ ತಪ್ಪದೆ ತಟ್ಟಿದರು. ಮುಗಿದ ಮೇಲೂ ಚಮಚ ಕೆಳಗಿಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಬರೆಯಬಾರದಿತ್ತು.

ಜುಲೈ ೨೮
ಎರಡು ವಾರ ಹಾಳೆ ಮುಟ್ಟಲಿಲ್ಲ. ಇವತ್ತು ಬೆಳಿಗ್ಗೆ ಚಮಚ ಬಡಿದರು. ನೀರೇ? ಅಲ್ಲ. ದಿಂಬೇ? ಅಲ್ಲ. ಪೆನ್ನು ತೋರಿಸಿದರು. ಅಲ್ಲೇ ನಿಂತು ಅತ್ತುಬಿಟ್ಟೆ.

ಆಗಸ್ಟ್ ೨
ಕೊನೆಯ ಎರಡು ಸಾಲು ಓದಿದೆ:

ಒಪ್ಪ ಓರಣ ಅರಿಯದಿರುವಳು,
ತಪ್ಪು ತಿದ್ದಿರಿ, ಸೊಸೆ ಕಲಿವಳು.

ಚಮಚ ನಿಂತಿತು. ತುಟಿ ನಡುಗಿತು. "ಮಾ... ಮಾತ್ರೆ." ಉಸಿರು ತೆಗೆದುಕೊಂಡು, "ಒಂದು... ಕಮ್ಮಿ."

"ಬೆಳಿಗ್ಗೆ ಬಿಪಿ ಮಾತ್ರೆ ಕೊಟ್ಯಾ ಇಲ್ವಾ?" ಅಂತ ಇವರು ಓಡಿ ಬಂದರು.

"ಕೊಟ್ಟೆ ರೀ!"

"ಮತ್ತೆ ಅಮ್ಮ ಕಮ್ಮಿ ಅಂತಿದಾರಲ್ಲ!"

ಡಬ್ಬಿ ತಂದು ಎಣಿಸಿದರು. ಸರಿಯಿದೆ. ಮತ್ತೆ ಎಣಿಸಿದರು. ಅತ್ತೆ ಎಡಗೈಯಿಂದ ಡಬ್ಬಿಗೆ ಒಂದು ಏಟು ಕೊಟ್ಟರು, ಮಾತ್ರೆಯೆಲ್ಲ ಮಂಚದ ಕೆಳಗೆ. ಇವರು ತೆವಳಿಕೊಂಡು ಹೆಕ್ಕುತ್ತಿದ್ದಾಗ ನೋಡಿದೆ — ಅತ್ತೆಯ ಬೆರಳು ಹಾಳೆಯ ಮೇಲಿದೆ. 'ಸೊಸೆ' ಮೇಲೆ. ಸೊ, ಸೆ. ಎರಡು. ಮೂರು ಬೇಕಿತ್ತು!

"ರೀ, ಅದು ಈ ಮಾತ್ರೆ!"

ಇವರು ಮಂಚದ ಕೆಳಗಿಂದ ತಲೆ ಹೊರಗೆ ಹಾಕಿದರು. ಆಗ ಹೊಳೆಯಿತು. ಅತ್ತೆ ಮಾತಾಡಿದ್ದರು. ಇವರು ನೆಲದಲ್ಲೇ ಕೂತು ಅಮ್ಮನ ಕಾಲು ಹಿಡಿದುಕೊಂಡರು.

ಆಗಸ್ಟ್ ೩
ಥೆರಪಿಸ್ಟ್‌ಗೆ ಬೆಳಿಗ್ಗೆಯೇ ಫೋನ್. ಕುಣಿದಾಡಿಬಿಟ್ಟಳು.

ಸಂಜೆ ತಿದ್ದಿ ಓದಿದೆ: ತಪ್ಪು ತಿದ್ದಿರಿ, ಸೊಸೆಯು ಕಲಿವಳು. ಲೆಕ್ಕ ಸರಿ. ಅತ್ತೆ ಪೂರ್ತಿ ತಟ್ಟಿದರು. ಮೂಗು ಮುರಿದರು. ನನಗೂ ಗೊತ್ತಿತ್ತು, ಸಂದಿಗೆ ಕಾಗದ. ಬೇರೆ ಏನು ಹಾಕಲಿ? ಮೂರು ಮಾತ್ರೆಯ ಪದ ಹುಡುಕುತ್ತಾ ಕೂತೆ. ಅತ್ತೆ ಚಮಚ ಕೆಳಗಿಟ್ಟು ನನ್ನ ಮಣಿಕಟ್ಟು ಹಿಡಿದರು. ಬಾಯಿ ಆಡಿತು, ನಿಂತಿತು, ಮತ್ತೆ ಆಡಿತು.

"ಮಗಳು."

"ಮಾತ್ರೆ ಸರಿಹೋಗುತ್ತೆ ಅಂತಾನಾ, ಅತ್ತೆ?"

ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದರು. ಮ. ಗ. ಳು.

ಈಗ ಹಜಾರದಲ್ಲಿ ಕೂತು ಹದಿನಾಲ್ಕನ್ನೂ ನೀಟಾಗಿ ಪ್ರತಿ ಮಾಡುತ್ತಿದ್ದೇನೆ. ಕೊನೆಯ ಸಾಲಿಗೆ ಬಂದಾಗ ಅಕ್ಷರ ಮಂಜಾಗಿ... ಕನ್ನಡಕದಂಗಡಿಯವಳಿಗೇ ಕಣ್ಣು ಕಾಣಿಸುತ್ತಿಲ್ಲ.

ತಪ್ಪು ತಿದ್ದಿರಿ,

ಒಳಗಿನಿಂದ ಕರೆಯುತ್ತಿದ್ದಾರೆ. ಚಮಚ ಬಡಿದಲ್ಲ. ಹೋಗಿ ಬಂದು ಉಳಿದದ್ದು —